ಕಾಮ್ 1 ಹೋದರೆ ಪ್ರೋಗ್ರಾಮನ್ನು ಬಿಸಾಡಬೇಡಿ

ಏಪ್ರಿಲ್–ಮೇ ತಿಂಗಳ ಗುಡುಗುಮಳೆ ಶುರುವಾದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಒಂದೇ ದೂರು: ತೂಕದ ಯಂತ್ರ ಸರಿಯಿದೆ, ಕಂಪ್ಯೂಟರಿಗೆ ಮಾತ್ರ ತೂಕ ಬರುತ್ತಿಲ್ಲ. ಯಂತ್ರದಿಂದ ಆಫೀಸಿಗೆ ಎಳೆದ ಉದ್ದದ ಕೇಬಲ್ ಹಿಡಿದು ಸಿಡಿಲು ಕಂಪ್ಯೂಟರಿನ ಕಾಮ್ 1 (COM1) ಪೋರ್ಟನ್ನು, ಅಂದರೆ ಆ ಕೇಬಲ್ ಸಿಕ್ಕಿಸುವ ಮೊದಲನೇ ಸೀರಿಯಲ್ ಕಿಂಡಿಯನ್ನು, ಸುಟ್ಟಿರುತ್ತದೆ. ಡಾಸ್ ಕಾಲದ ಕ್ವಿಕ್‌ಬೇಸಿಕ್ ಭಾಷೆಯಲ್ಲಿ ಬರೆದ ಅಡಿಕೆ ಲೆಕ್ಕದ ಹಳೇ ಪ್ರೋಗ್ರಾಮಿಗೆ ಕಾಮ್ 1, ಕಾಮ್ 2 ಬಿಟ್ಟರೆ ಬೇರೆ ಪೋರ್ಟ್ ಗೊತ್ತಿಲ್ಲ. ಹೆಚ್ಚುವರಿ ಕಾರ್ಡ್ ಹಾಕಿದರೆ ಅದು ಕಾಮ್ 3 ಆಗಿ ಕೂರುತ್ತದೆ. ಅಷ್ಟಕ್ಕೇ 'ಹೊಸ ಸಾಫ್ಟ್‌ವೇರ್ ತಗೊಳ್ಳಿ' ಅನ್ನುವುದು ನನಗೆ ಒಪ್ಪಿಗೆಯಿಲ್ಲ.

ಪೋರ್ಟ್ ಎಲ್ಲಿದೆ ಎಂಬುದನ್ನು ಬೇಸಿಕ್ ತಾನೇ ನೆನಪಿಟ್ಟುಕೊಂಡಿಲ್ಲ, ಬಯಾಸ್‌ನ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಒಳಪ್ರೋಗ್ರಾಮಿನ) ಪಟ್ಟಿ ನೋಡುತ್ತದೆ. ಮೆಮೊರಿಯ 64ನೇ ಸೆಗ್ಮೆಂಟಿನ ಮೊದಲ ಎಂಟು ಬೈಟ್‌ಗಳಲ್ಲಿ ನಾಲ್ಕು ಪೋರ್ಟ್‌ಗಳ ವಿಳಾಸ ಇರುತ್ತದೆ. ಕಾಮ್ 1ರಿಂದ ಕಾಮ್ 4ರವರೆಗೆ ಕ್ರಮವಾಗಿ ಸಾಮಾನ್ಯವಾಗಿ 1016, 760, 1000, 744. ಪ್ರೋಗ್ರಾಮಿನಲ್ಲಿ ಪೋರ್ಟ್ ತೆರೆಯುವ ಓಪನ್ (OPEN) ಸಾಲಿಗೆ ಮುಂಚೆ ನಾಲ್ಕು ಸಾಲು ಬರೆಯಿರಿ: 'DEF SEG = 64', 'POKE 0, 232', 'POKE 1, 3', ಕೊನೆಗೆ ಬರೀ 'DEF SEG'. 3ನ್ನು 256ರಿಂದ ಗುಣಿಸಿ 232 ಕೂಡಿಸಿದರೆ 1000, ಅಂದರೆ ಕಾಮ್ 3ರ ವಿಳಾಸ. ಈಗ ಪ್ರೋಗ್ರಾಮ್ ಕಾಮ್ 1 ಎಂದುಕೊಂಡೇ ಕಾಮ್ 3ರ ಜತೆ ಮಾತಾಡುತ್ತದೆ. ಕಂಪ್ಯೂಟರ್ ಆರಿಸಿ ಹಾಕಿದಾಗ ಬಯಾಸ್ ಪಟ್ಟಿಯನ್ನು ಮತ್ತೆ ಮೊದಲಿನಂತೆ ತುಂಬುವುದರಿಂದ ಈ ಸಾಲುಗಳು ಪ್ರೋಗ್ರಾಮಿನಲ್ಲೇ ಇರಬೇಕು.

ಎಡವುವುದು ಇಂಟರಪ್ಟ್ ವಿಷಯದಲ್ಲಿ, ಅಂದರೆ ಡೇಟಾ ಬಂತೆಂದು ಪೋರ್ಟ್ ಪ್ರೊಸೆಸರಿಗೆ ಕೊಡುವ ಸೂಚನೆಯ ಸಾಲಿನಲ್ಲಿ. ಕಾಮ್ 1, ಕಾಮ್ 3ಕ್ಕೆ ವಾಡಿಕೆಯಂತೆ 4ನೇ ಇಂಟರಪ್ಟ್. ಕಾಮ್ 2, ಕಾಮ್ 4ಕ್ಕೆ 3ನೆಯದು. ಹಾಗಾಗಿ ಕಾಮ್ 4ರ ವಿಳಾಸವನ್ನು ಕಾಮ್ 2ರ ಜಾಗಕ್ಕೇ ಹಾಕಬೇಕು. ಜೋಡಿ ತಪ್ಪಿದರೆ ಪೋರ್ಟ್ ತೆರೆದಂತೆ ಕಾಣುತ್ತದೆ, ತೂಕ ಮಾತ್ರ ಬರುವುದೇ ಇಲ್ಲ. ಹೊಸ ಬಗೆಯ ಪಿಸಿಐ ಸ್ಲಾಟಿನ ಕಾರ್ಡ್‌ಗಳು ತಮ್ಮದೇ ವಿಳಾಸ, ತಮ್ಮದೇ ಇಂಟರಪ್ಟ್ ತರುವುದರಿಂದ ಅವುಗಳಲ್ಲಿ ಈ ಉಪಾಯ ಕೈಕೊಡುತ್ತದೆ. ಅದಕ್ಕೂ ಹಿಂದಿನ ಬಗೆಯ ಐಎಸ್‌ಎ ಸ್ಲಾಟಿನ ಹಳೇ ಕಾರ್ಡ್ ಸಿಕ್ಕರೆ ಬಿಡಬೇಡಿ.

ಕೆಲವರು ಓಪನ್ ಬಳಸದೆ ಇನ್ಪ್ (INP), ಔಟ್ (OUT) ಆದೇಶಗಳಿಂದ ನೇರ ಪೋರ್ಟಿನ ಚಿಪ್ಪಿಗೇ ಬರೆದಿರುತ್ತಾರೆ. ಅಲ್ಲಿ ಪಟ್ಟಿ ತಿದ್ದಿ ಫಲವಿಲ್ಲ. 1016ರಿಂದ 1023ರವರೆಗಿನ ಸಂಖ್ಯೆಗಳನ್ನು ಹುಡುಕಿ ಪ್ರತಿಯೊಂದರಲ್ಲೂ 16 ಕಳೆಯಿರಿ. ಡೇಟಾ ಬಂತೇ ಎಂದು ನೋಡುವ 1021 ಆಗ 1005 ಆಗುತ್ತದೆ. ಇವೇ ಸಂಖ್ಯೆಗಳು ಹೆಕ್ಸ್‌ನಲ್ಲೂ (ಹದಿನಾರರ ಎಣಿಕೆಯಲ್ಲೂ) ಇರಬಹುದು, ಎರಡೂ ರೂಪದಲ್ಲಿ ಹುಡುಕಿ.

ಯುಎಸ್‌ಬಿ ಅಡಾಪ್ಟರಿಗೆ ಇಂಥ ವಿಳಾಸವೇ ಇರುವುದಿಲ್ಲ. ಅದನ್ನೇ ಬಳಸಬೇಕೆಂದರೆ ಪ್ರೋಗ್ರಾಮನ್ನು ಡಾಸ್‌ಬಾಕ್ಸ್ (ಹೊಸ ಕಂಪ್ಯೂಟರಿನಲ್ಲಿ ಹಳೇ ಡಾಸ್ ಪ್ರೋಗ್ರಾಮ್ ಓಡಿಸುವ ಸಾಫ್ಟ್‌ವೇರ್) ಒಳಗೆ ಓಡಿಸಿ, ಅದರ ಸೆಟ್ಟಿಂಗಿನಲ್ಲಿ ಕಾಮ್ 1ಕ್ಕೆ ಅಡಾಪ್ಟರಿನ ಪೋರ್ಟ್ ಜೋಡಿಸಿ.