ಹಳೆಯ ದೋಣಿ ಮೋಟಾರ್ ನಡುನಡುವೆ ಸೊರಗಿದರೆ: ಒಂದು ಅಧ್ಯಯನ ಟಿಪ್ಪಣಿ

ಬಾಗಲಕೋಟೆಯಲ್ಲಿ ಬೈಕು, ಪಂಪ್‌ಸೆಟ್ ರಿಪೇರಿ ಕಲಿಯುವ ನಮ್ಮ ಕೈಗೆ ಆಗೊಮ್ಮೆ ಈಗೊಮ್ಮೆ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟಾರೂ ಬರುತ್ತದೆ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ಸಮುದ್ರ ಮಟ್ಟದಿಂದ 519.60 ಮೀಟರ್ ಮುಟ್ಟಿದಾಗ ಹಿನ್ನೀರು ಘಟಪ್ರಭೆಯ ಗುಂಟ ನಮ್ಮ ಊರಿನ ತನಕ ಬಂದು ನಿಲ್ಲುತ್ತದೆ. ಅಂಥ ನೀರಿನ ನಡುವೆ ಮೋಟಾರ್ ಸೊರಗಿದರೆ ತಳ್ಳಿಕೊಂಡು ಬರಲು ಆಗುವುದಿಲ್ಲ, ಅಲ್ವಾ?

ಈ ಟಿಪ್ಪಣಿ ಬರೆದದ್ದು ಹಳೆಯ ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಕಾರ್ಬೊರೇಟರ್ ಇರುವ, ಪೆಟ್ರೋಲ್ ಟ್ಯಾಂಕ್ ಬೇರೆ ಇಡುವ ಮೋಟಾರಿಗಾಗಿ. ಪೂರ್ತಿ ಕೆಟ್ಟ ಮೋಟಾರ್ ರಿಪೇರಿ ಸುಲಭ. ಬಿಟ್ಟು ಬಿಟ್ಟು ಕೆಡುವುದೇ ತ್ರಾಸು. ದಂಡೆಗೆ ತಂದಾಗ ಚೆನ್ನಾಗಿ ಓಡುತ್ತದೆ. ನಾವು ಅಂದಾಜಿನ ಮೇಲೆ ಏನೋ ಒಂದು ಬದಲಿಸಿ ಕೊಡುತ್ತೇವೆ.

ನಾನು ಮಾಡಿದ್ದೂ ಅದನ್ನೇ. ಒಬ್ಬ ಮೀನುಗಾರರ ಮೋಟಾರ್ ಕಾಲು ಗಂಟೆ ಓಡಿ ಸೊರಗುತ್ತಿತ್ತು. ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಹೋಗಿದೆ ಅಂದುಕೊಂಡು ಹೊಸದು ಹಾಕಿದೆ. ನಾಲ್ಕು ದಿನ ಓಡಿತು, ಐದನೇ ದಿನ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕಿದ್ದು, ಟ್ಯಾಂಕಿನ ಪೈಪನ್ನು ಮೋಟಾರಿಗೆ ಕೂಡಿಸುವ ಕನೆಕ್ಟರಿನೊಳಗೆ ಸವೆದ ಒಂದು ಸಣ್ಣ ಓ-ರಿಂಗ್, ಅಂದರೆ ರಬ್ಬರ್ ಬಳೆ. ಕಾಯಿಲ್ ಹಾಕುವಾಗ ಪೈಪ್ ಬಿಚ್ಚಿ ಮತ್ತೆ ಕೂಡಿಸಿದ್ದೆ. ಆಗ ಓ-ರಿಂಗ್ ತುಸು ಬಿಗಿಯಾಗಿ ಕೂತಿತ್ತು. ನಾಲ್ಕು ದಿನ ಓಡಿಸಿದ್ದು ಅದು, ಕಾಯಿಲ್ ಅಲ್ಲ. ಬಡವರ ದುಡ್ಡು ಸುಮ್ನೆ ಹೋಯಿತು. ಅದು ಇವತ್ತಿಗೂ ನನಗೆ ನೋವು.

ಆವತ್ತಿನಿಂದ ನಾನು ಸ್ಪ್ಯಾನರ್ ಹಿಡಿಯುವುದಕ್ಕಿಂತ ಮೊದಲು ದೋಣಿ ಹತ್ತುತ್ತೇನೆ. ಮೋಟಾರ್ ಸೊರಗುವ ಹೊತ್ತಿಗೇ ಪರೀಕ್ಷೆ ಮಾಡಬೇಕು. ಇಬ್ಬರು ಹೋಗಿ, ಲೈಫ್ ಜಾಕೆಟ್ ಹಾಕಿಕೊಳ್ಳಿ, ಹುಟ್ಟು ಜೊತೆಗಿರಲಿ. ಒಬ್ಬರು ದೋಣಿ ನಡೆಸಲಿ, ಇನ್ನೊಬ್ಬರು ಪೆಟ್ರೋಲ್ ಪೈಪಿನಲ್ಲಿರುವ ಪ್ರೈಮರ್ ಬಲ್ಬ್ (ಕೈಯಿಂದ ಒತ್ತಿ ಪೆಟ್ರೋಲ್ ತಳ್ಳುವ ರಬ್ಬರ್ ಗುಂಡು) ಹತ್ತಿರ ಕೂರಲಿ.

ಸದ್ದು ಇಳಿಯಿತೋ, ಬಲ್ಬ್ ಒತ್ತಿ. ಒತ್ತಿದ ಕೂಡಲೇ ಮೋಟಾರ್ ಚೇತರಿಸಿಕೊಂಡರೆ ತೊಂದರೆ ಪೆಟ್ರೋಲ್ ಬರುವ ದಾರಿಯಲ್ಲಿದೆ. ಒತ್ತಿದಾಗ ಇನ್ನೂ ಜಾಸ್ತಿ ಸೊರಗಿ ಹೊಗೆ ಬಂದರೆ ಕಾರ್ಬೊರೇಟರಿಗೆ ಪೆಟ್ರೋಲ್ ಜಾಸ್ತಿಯಾಗದಂತೆ ತಡೆಯುವ ನೀಡಲ್ ವಾಲ್ವ್ ಕಡೆ ಅನುಮಾನ ಪಡಿ. ಏನೂ ಫರಕ್ ಬೀಳದಿದ್ದರೆ ಕಿಡಿ ನೋಡಬೇಕು, ಇಲ್ಲವೇ ಕಾವು.

ಪೆಟ್ರೋಲ್ ದಾರಿ ಸರಿಯಾಗಿ ತಿಳಿಯಬೇಕೆಂದರೆ ಹೊಳೆ ದಂಡೆಯ ಪಂಪ್‌ಸೆಟ್ ನೆನೆಸಿಕೊಳ್ಳಿ. ಸಕ್ಷನ್ ಪೈಪಿನಲ್ಲಿ ಸಣ್ಣ ತೂತು ಬಿದ್ದರೆ ನೀರು ಹೊರಗೆ ಸೋರುವುದಿಲ್ಲ, ಪಂಪ್ ಏರ್ ಹಿಡಿಯುತ್ತದೆ. ಇಲ್ಲೂ ಹಾಗೇ. ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಏರಿ ಇಳಿದಂತೆ ಫ್ಯೂಯೆಲ್ ಪಂಪಿನ ಡಯಾಫ್ರಮ್ ಎಂಬ ತೆಳು ಪೊರೆ ಬಡಿಯುತ್ತದೆ, ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಟ್ಯಾಂಕಿನಿಂದ ಪಂಪಿನವರೆಗೆ ಇರುವುದೆಲ್ಲ ಎಳೆತ. ಹಾಗಾಗಿ ಸಂದಿ ಇದ್ದರೆ ಗಾಳಿ ಒಳಗೆ ಹೋಗುತ್ತದೆ, ಹೊರಗೆ ಹನಿಯೂ ಕಾಣುವುದಿಲ್ಲ. ಮೋಟಾರ್ ನಿಲ್ಲಿಸಿ ಬಲ್ಬನ್ನು ಗಟ್ಟಿಯಾಗುವ ತನಕ ಒತ್ತಿ ಹಿಡಿದರೆ, ಬಲ್ಬಿನಿಂದ ಮುಂದಿನ ಸಂದಿಯಲ್ಲಿ ಪೆಟ್ರೋಲ್ ಜಿನುಗಬಹುದು. ಜಿನುಗದಿದ್ದರೆ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೆಟ್ರೋಲ್ ಪೈಪ್ ಹಾಕಿ ಓಡಿಸಿ. ಗುಳ್ಳೆಗಳು ಸಾಲಾಗಿ ಓಡಿದರೆ ಎಲ್ಲೋ ಏರ್ ಹಿಡಿಯುತ್ತಿದೆ.

ಓಡುತ್ತಿರುವಾಗ ಬಲ್ಬ್ ಚಪ್ಪಟೆಯಾಗಿ ಅಂಟಿಕೊಂಡರೆ ಅದು ಬೇರೆ ಮಾತು. ಟ್ಯಾಂಕಿನ ಕಡೆ ಅಡ್ಡಿ ಇದೆ. ಮೊದಲು ಮುಚ್ಚಳದ ವೆಂಟ್ ಸ್ಕ್ರೂ ನೋಡಿ. ಅದು ಮುಚ್ಚಿದ್ದರೆ ಟ್ಯಾಂಕಿಗೆ ಗಾಳಿ ಸಿಗದೆ ಎಳೆತ ಬಿಗಿಯುತ್ತ ಹೋಗುತ್ತದೆ. ಮುಚ್ಚಳ ಸಡಿಲಿಸಿದಾಗ ಉಸ್ ಅಂದರೆ ಕಾರಣ ಸಿಕ್ಕಿತು. ಇಲ್ಲವೆಂದರೆ ಟ್ಯಾಂಕಿನೊಳಗಿನ ಜಾಲರಿ, ಆಮೇಲೆ ಪೈಪು. ಹಳೆಯ ಪೈಪಿನ ಒಳಪದರ ಕಿತ್ತು ಬಂದು ಒಳಗೇ ಮುಚ್ಚಿಕೊಳ್ಳುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನಿಧಾನ ಓಡಿಸಿದರೆ ಸರಿ, ಜೋರು ಕೊಟ್ಟರೆ ಸೊರಗುವುದು ಇದರ ಲಕ್ಷಣ.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾದವರೆಗೆ ಎಥನಾಲ್ ಇರುತ್ತದೆ. ನಮ್ಮ ಮುಧೋಳ, ಜಮಖಂಡಿ ಕಡೆಯ ಕಬ್ಬಿನಿಂದಲೂ ಅದನ್ನು ಮಾಡುತ್ತಾರೆ. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಹಳೆಯ ಪೈಪು, ಓ-ರಿಂಗ್, ಡಯಾಫ್ರಮ್ ಇದ್ದರೆ ಎಥನಾಲ್ ತಡೆಯುವಂಥದ್ದನ್ನು ಹಾಕುವುದು ಒಳ್ಳೆಯದು. ನೀರು ಸೇರಿರುವ ಅನುಮಾನವಿದ್ದರೆ ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿ ಒಂದಿಷ್ಟು ಹೊತ್ತು ಬಿಡಿ. ಕೆಳಗೆ ಬೇರೆ ಪದರ ನಿಂತರೆ ಅದನ್ನು ಬಳಸಬೇಡಿ.

ಇನ್ನು ಕಿಡಿ. ಸೊರಗುವ ರೀತಿಯಲ್ಲೇ ಸುಳಿವು ಸಿಗುತ್ತದೆ. ಪೆಟ್ರೋಲ್ ಕಡಿಮೆಯಾದರೆ ಮೋಟಾರ್ ಉಸಿರು ಕಟ್ಟಿದಂತೆ ಮೆಲ್ಲಗೆ ಇಳಿಯುತ್ತದೆ. ಕಿಡಿ ತಪ್ಪಿದರೆ ಸ್ವಿಚ್ ಒತ್ತಿದ ಹಾಗೆ ಥಟ್ಟನೆ. ಎರಡರಲ್ಲಿ ಒಂದು ಸಿಲಿಂಡರ್ ಸತ್ತರೆ ಅಳುಕುತ್ತ ಅರ್ಧ ಬಲದಲ್ಲಿ ಓಡುತ್ತದೆ. ಆಗಲೇ ನಿಲ್ಲಿಸಿ ಪ್ಲಗ್ ಬಿಚ್ಚಿದರೆ ಸತ್ತ ಕಡೆಯದು ಒದ್ದೆ ಇರುತ್ತದೆ. ಕಾಯಿಲ್, ಸಿಡಿಐ ಬಾಕ್ಸ್ (ಕಿಡಿಯನ್ನು ಹೊತ್ತಿಗೆ ಸರಿಯಾಗಿ ಬಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಬಿಸಿಯಾದಾಗ ಮಾತ್ರ ಕೈಕೊಡಬಹುದು, ಅಂಗಡಿಯಲ್ಲಿ ತಣ್ಣಗಿದ್ದಾಗ ಮೀಟರ್ ಸರಿ ತೋರಿಸುತ್ತದೆ. ಅದಕ್ಕೇ ಸ್ಪಾರ್ಕ್ ಟೆಸ್ಟರ್ ದೋಣಿಯಲ್ಲೇ ಇರಬೇಕು. ಸಿಡಿಐ ಇರುವ ಮೋಟಾರ್ ಓಡುವಾಗ ಪ್ಲಗ್ ವೈರನ್ನು ಸುಮ್ನೆ ಕಿತ್ತು ನೋಡಬೇಡಿ. ಕಿಡಿಗೆ ದಾರಿ ಸಿಗದೆ ಬಾಕ್ಸೇ ಸುಡಬಹುದು. ಬಂದ್ ಮಾಡುವ ಸ್ವಿಚ್ಚಿನ ವೈರ್ ಸುಲಿದು ಆಗಾಗ ಅರ್ತ್ ಆಗಿ ಕಿಡಿ ತಪ್ಪುವುದೂ ಉಂಟು.

ಕಾವಿನ ವಿಷಯ ಚಿಕ್ಕದು. ಮೋಟಾರನ್ನು ತಂಪಿಡುವ ನೀರು ಹಿಂದಿನ ಸಣ್ಣ ರಂಧ್ರದಿಂದ ಚಿಮ್ಮುತ್ತದೆ, ಅದು ಕಡಿಮೆಯಾದರೆ ತಕ್ಷಣ ನಿಲ್ಲಿಸಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರು ಎಳೆದು ಆ ನೀರು ತಳ್ಳುವ ಪಂಪಿನ ಚಕ್ರ, ಅಂದರೆ ಇಂಪೆಲ್ಲರ್, ಸವೆಯುತ್ತದೆ.

ಇವೆಲ್ಲ ಸರಿ ಇದ್ದು, ಮೋಟಾರಿನ ಸದ್ದು ಏರುತ್ತದೆ ಆದರೆ ದೋಣಿ ಮುಂದೆ ಹೋಗುವುದಿಲ್ಲ ಅಂದರೆ? ಮೊದಲು ಪ್ರೊಪೆಲ್ಲರಿಗೆ ಬಲೆಯೋ ಜೊಂಡೋ ಸುತ್ತಿದೆಯಾ ನೋಡಿ. ಇಲ್ಲದಿದ್ದರೆ ಪ್ರೊಪೆಲ್ಲರಿನ ನಡುವಿನ ರಬ್ಬರ್ ಹಬ್ ಜಾರುತ್ತಿರಬಹುದು. ಒಳಗಿನ ಕೊಳವೆಯಿಂದ ಹೊರಗಿನ ಕವಚದವರೆಗೆ ಬಣ್ಣದಿಂದ ಒಂದೇ ಗೆರೆ ಎಳೆಯಿರಿ, ಜೋರಾಗಿ ಓಡಿಸಿ ಬನ್ನಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ಹಬ್ ಹೋಗಿದೆ. ಎಂಜಿನ್ ಬಿಚ್ಚುವ ಕೆಲಸವೇ ಇಲ್ಲ.