ಕೋಬಾಟ್ ಎಂದರೆ ಏನು?

ಎಂಜಿನಿಯರಿಂಗ್, ಡಿಪ್ಲೊಮಾ ಓದುವ ಮಕ್ಕಳ ಮಾತಿನಲ್ಲಿ ಈಗ ಕೋಬಾಟ್ ಅನ್ನೋ ಪದ ಸಲೀಸಾಗಿ ಬರುತ್ತದೆ. ಚಿಕ್ಕದಾಗಿ, ನುಣುಪಾಗಿ ಇರುವ ರೋಬೋಟ್ ಕೈ ಕಂಡರೆ ಸಾಕು, ಅದಕ್ಕೆ ಕೋಬಾಟ್ ಅಂದುಬಿಡುತ್ತಾರೆ. ಆದರೆ ಗಾತ್ರಕ್ಕೂ ಈ ಹೆಸರಿಗೂ ಸಂಬಂಧ ಕಡಿಮೆ. ಮನುಷ್ಯರ ಪಕ್ಕದಲ್ಲೇ, ನಡುವೆ ಬೇಲಿ ಇಲ್ಲದೆ, ಒಂದೇ ಕೆಲಸವನ್ನು ಹಂಚಿಕೊಂಡು ಮಾಡುವಂತೆ ಹೊಂದಿಸಿದ ರೋಬೋಟ್ ಕೋಬಾಟ್. ಇಲ್ಲಿ ‘ಹೊಂದಿಸಿದ’ ಅನ್ನುವುದೇ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಬೇಲಿಯ ವಿಷಯ. ಕಾರ್ಖಾನೆಗೆ ಇಳಿದ ಮೊದಲ ರೋಬೋಟ್ ಯೂನಿಮೇಟ್. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಘಟಕದಲ್ಲಿ, ಅಚ್ಚಿನಿಂದ ಬಿಸಿ ಬಿಸಿ ಲೋಹದ ಭಾಗಗಳನ್ನು ಹೊರತೆಗೆಯುವ ಕೆಲಸ ಅದಕ್ಕೆ ಸಿಕ್ಕಿತು. ಕೈ ಸುಟ್ಟುಕೊಳ್ಳುವ ಕೆಲಸ ಅದು, ಯಂತ್ರಕ್ಕೆ ಕೊಟ್ಟಿದ್ದು ಸರಿಯೇ. ಆದರೆ ಆ ಕಾಲದ ರೋಬೋಟ್‌ಗೆ ಕಣ್ಣಿಲ್ಲ, ಸ್ಪರ್ಶವಿಲ್ಲ. ಹೇಳಿಕೊಟ್ಟ ದಾರಿಯಲ್ಲಿ ಅದೇ ವೇಗದಲ್ಲಿ ಹೋಗಿ ಬರುತ್ತದೆ, ನಡುವೆ ಯಾರಿದ್ದರೂ ಸರಿ. 1979ರ ಜನವರಿಯಲ್ಲಿ ಮಿಷಿಗನ್‌ನ ಫೋರ್ಡ್ ಎರಕದ ಘಟಕದಲ್ಲಿ ಹಾಗೇ ಆಯಿತು. ಕಪಾಟಿನೊಳಗೆ ಭಾಗ ತೆಗೆಯಲು ಹತ್ತಿದ್ದ ಕಾರ್ಮಿಕನಿಗೆ ರೋಬೋಟ್ ಬಡಿದು ಆತ ತೀರಿಕೊಂಡ. ಇಂಥ ಯಂತ್ರಗಳ ಸುತ್ತ ಜಾಲರಿ ಬೇಲಿ, ಬಾಗಿಲು ತೆಗೆದರೆ ನಿಂತುಹೋಗುವ ಸ್ವಿಚ್, ಇವೆಲ್ಲ ಸುಮ್ನೆ ಇರುವುದಲ್ಲ.

ಕೋಬಾಟ್ ಅನ್ನೋ ಯೋಚನೆ ಬಂದದ್ದು 1996ರಲ್ಲಿ, ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎಡ್ವರ್ಡ್ ಕೋಲ್ಗೇಟ್ ಮತ್ತು ಮೈಕೆಲ್ ಪೆಶ್ಕಿನ್ ಅವರಿಂದ. ಅವರ ಯಂತ್ರದ ಸೊಗಸು ನನಗೆ ಈಗಲೂ ಬಹಳ ಇಷ್ಟ. ಅದು ತಾನಾಗಿ ಚಲಿಸುತ್ತಲೇ ಇರಲಿಲ್ಲ! ತಳ್ಳುವ ಬಲ ಪೂರ್ತಿ ಮನುಷ್ಯನದು. ಯಂತ್ರ ಗಾಲಿಗಳನ್ನು ತಿರುಗಿಸಿ ದಾರಿ ತಪ್ಪದಂತೆ ನೋಡಿಕೊಳ್ಳುತ್ತಿತ್ತು, ಅಷ್ಟೇ. ಇವತ್ತಿನ ಕೋಬಾಟ್‌ಗಳಿಗೆ ಸ್ವಂತ ಮೋಟಾರ್ ಇದೆ. ಡೆನ್ಮಾರ್ಕಿನ ಯೂನಿವರ್ಸಲ್ ರೋಬೋಟ್ಸ್ ಕಂಪನಿ 2008ರಲ್ಲಿ ಮಾರಿದ ಮೊದಲ ತೋಳು 5 ಕೆ.ಜಿ. ಎತ್ತುತ್ತಿತ್ತು. ಅಲ್ಲಿಂದ ಇವು ಸಣ್ಣ ಕಾರ್ಖಾನೆಗಳಿಗೂ ಬರತೊಡಗಿದವು.

ಬೇಲಿ ಇಲ್ಲದ ಮೇಲೆ ಅದಕ್ಕೆ ಮನುಷ್ಯ ತಾಗಿದ್ದು ಗೊತ್ತಾಗುವುದು ಹೇಗೆ? ಅಡಿಕೆ ಕೊನೆ ಇಳಿಸುವಾಗ ಕೆಳಗೆ ಹಗ್ಗ ಹಿಡಿದವರನ್ನು ನೋಡಿದ್ದೀರಲ್ವಾ? ಮೇಲೆ ಕೊನೆಗಾರ ಏನು ಮಾಡುತ್ತಿದ್ದಾನೆ ಅನ್ನುವುದು ಅವರಿಗೆ ಹಗ್ಗದ ಜಗ್ಗಿನಲ್ಲೇ ತಿಳಿಯುತ್ತದೆ. ಕೋಬಾಟ್‌ನ ಒಂದೊಂದು ಕೀಲೂ ಹಾಗೆಯೇ. ಈ ಭಾರಕ್ಕೆ, ಈ ವೇಗಕ್ಕೆ ಮೋಟಾರ್ ಇಷ್ಟು ಕರೆಂಟ್ ಎಳೆಯಬೇಕು ಅನ್ನೋ ಲೆಕ್ಕ ಅದರಲ್ಲಿದೆ. ಅದಕ್ಕಿಂತ ಜಾಸ್ತಿ ಎಳೆದರೆ ಏನೋ ಅಡ್ಡ ಬಂದಿದೆ ಅಂತ ಅರ್ಥ. ತಕ್ಷಣ ನಿಲ್ಲುತ್ತದೆ. ಕೆಲವು ಮಾದರಿಗಳಲ್ಲಿ ಕೀಲಿನ ತಿರುಚುಬಲವನ್ನು ಅಳೆಯಲು ಬೇರೆ ಸೆನ್ಸರ್ ಇರುತ್ತದೆ.

ನಿಲ್ಲುವ ಮೊದಲು ಎಷ್ಟು ಜೋರಾಗಿ ತಾಗಬಹುದು? ಇದಕ್ಕೂ ಅಳತೆ ಇದೆ. ಅಂತರರಾಷ್ಟ್ರೀಯ ಮಾನಕಗಳ ಸಂಸ್ಥೆಯಾದ ಐಎಸ್‌ಒ 2016ರಲ್ಲಿ ತಂದ ಟಿಎಸ್ 15066 ಅನ್ನೋ ದಾಖಲೆ ದೇಹದ 29 ಜಾಗಗಳಿಗೆ ಬೇರೆ ಬೇರೆ ಮಿತಿ ಹೇಳಿದೆ. ಅದರ ಹಿಂದೆ ಜರ್ಮನಿಯ ಮೈಂಜ್ ವಿಶ್ವವಿದ್ಯಾಲಯದ ಅಧ್ಯಯನವಿದೆ. 100 ಜನರ ದೇಹದ ಮೇಲೆ ನಿಧಾನಕ್ಕೆ ಒತ್ತಿ, ನೋವು ಎಲ್ಲಿ ಶುರುವಾಗುತ್ತದೆ ಅಂತ ನೋಡಿದರು. ತಾಗಿ ಸರಿದುಹೋಗುವುದಕ್ಕೆ ಒಂದು ಮಿತಿ. ಟೇಬಲಿಗೋ ಗೋಡೆಗೋ ಒತ್ತಿ ಹಿಡಿಯುವುದಕ್ಕೆ ಇನ್ನೂ ಬಿಗಿಯಾದ ಮಿತಿ. ಮುಖಕ್ಕೆ, ತಲೆಗೆ ತಾಗುವಂತೆ ಹೊಂದಿಸುವುದೇ ಕೂಡದು.

ಈಗ ಆ ‘ಹೊಂದಿಸಿದ’ ಅನ್ನೋ ಮಾತಿಗೆ ಬರೋಣ. ಇಷ್ಟೆಲ್ಲ ಜಾಗ್ರತೆಯಿಂದ ಮಾಡಿದ ತೋಳಿನ ತುದಿಗೆ ಚಾಕು ಕಟ್ಟಿದರೆ? ಕಾದ ಲೋಹ ಹಿಡಿಸಿದರೆ? ತೋಳು ಮೃದುವಾಗಿದ್ದು ಪ್ರಯೋಜನವಿಲ್ಲ. ಆ ಜಾಗಕ್ಕೆ ಮತ್ತೆ ಬೇಲಿ ಬೇಕು. ಅದಕ್ಕೇ 2025ರಲ್ಲಿ ತಿದ್ದಿದ ಐಎಸ್‌ಒ 10218 ನಿಯಮಗಳು ರೋಬೋಟ್‌ಗೇ ಈ ಹೆಸರು ಕೊಡುವುದನ್ನು ಬಿಟ್ಟು, ಅದನ್ನು ಬಳಸುವ ಏರ್ಪಾಡನ್ನು ನೋಡುತ್ತವೆ. ನನ್ನ ಮಟ್ಟಿಗೆ ಇದು ತೀರಾ ಸರಿಯಾದ ನಿಲುವು. ‘ಕೋಬಾಟ್ ತಗೊಂಡಿದ್ದೀವಿ, ಇನ್ನು ಭಯವಿಲ್ಲ’ ಅನ್ನುವ ಮಾಲೀಕರು ಮೊದಲು ಅದರ ಕೈಯಲ್ಲಿ ಏನಿದೆ ಅಂತ ನೋಡಬೇಕು.

ನಮ್ಮ ಕಡೆ ಇದು ಎಲ್ಲಿ ಹೊಂದುತ್ತದೆ? ಭದ್ರಾವತಿ 1923ರಲ್ಲೇ ಕಬ್ಬಿಣ ಕರಗಿಸಿದ ಊರು. ಶಿವಮೊಗ್ಗದ ಸುತ್ತ ಫೌಂಡ್ರಿಗಳೂ ಮೆಷಿನ್ ಶಾಪ್‌ಗಳೂ ಬೇಕಾದಷ್ಟಿವೆ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಶಿಫ್ಟ್ ಪೂರ್ತಿ ಲೋಹದ ತುಂಡು ಇಟ್ಟು ತೆಗೆಯುವ ಕೆಲಸ ಕೋಬಾಟ್‌ಗೆ ಹೇಳಿಮಾಡಿಸಿದ್ದು. ಅಳತೆ ನೋಡುವುದು, ಟೂಲ್ ಸವೆದಿದೆಯಾ ಅಂತ ಶಬ್ದದಲ್ಲೇ ಗುರುತಿಸುವುದು ಆಪರೇಟರ್‌ಗೆ ಉಳಿಯುತ್ತದೆ. ತೋಟದ ಮಾತು ಬೇರೆ. ಅಡಿಕೆ ಸುಲಿಯುವ ಯಂತ್ರದ ಪಕ್ಕ ಹೆಂಗಸರು ಕೂತು ಕೆಲಸ ಮಾಡಿದರೂ ಅದು ಕೋಬಾಟ್ ಅಲ್ಲ, ಅದಕ್ಕೆ ಅಡಿಕೆ ಯಾವುದು ಬೆರಳು ಯಾವುದು ತಿಳಿಯುವುದಿಲ್ಲ. ಆಷಾಢದ ಮಳೆಯಲ್ಲಿ, ಜಾರುವ ಧರೆಯಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕೆಲಸಕ್ಕೆ ಸಮತಟ್ಟಾದ ನೆಲದ ಈ ತೋಳು ಬಂದು ಏನೂ ಮಾಡಲಾರದು.

ಹೆಚ್ಚು ಯೋಚಿಸಬೇಕಾದದ್ದು ಯಾರಿಗೆ ಬಾಗಿಲು ತೆರೆಯುತ್ತದೆ ಅನ್ನುವುದನ್ನು. ದಿನವಿಡೀ ಎರಕದ ತುಂಡುಗಳನ್ನು ಎತ್ತಬೇಕು ಅನ್ನುವ ಕಾರಣಕ್ಕೆ ಎಷ್ಟೋ ಕೆಲಸಗಳಿಗೆ ಹೆಣ್ಣುಮಕ್ಕಳನ್ನು, ಬೆನ್ನು ನೋವಿನವರನ್ನು, ವಯಸ್ಸಾದ ನುರಿತ ಕೆಲಸಗಾರರನ್ನು ಕರೆಯುವುದೇ ಇಲ್ಲ. ಎತ್ತುವುದು ಯಂತ್ರದ ಪಾಲಿಗೆ ಹೋದರೆ ಆ ಕಾರಣ ಬಿದ್ದುಹೋಗುತ್ತದೆ. ಟೋಕಿಯೊದ ನಿಹೊಂಬಾಶಿಯಲ್ಲಿ 2021ರಿಂದ ಒಂದು ಕೆಫೆ ನಡೆಯುತ್ತಿದೆ. ಹಾಸಿಗೆ ಬಿಟ್ಟು ಏಳಲಾಗದವರು ಮನೆಯಿಂದಲೇ ಒರಿಹಿಮೆ ಅನ್ನೋ ರೋಬೋಟ್ ನಡೆಸಿ ಅಲ್ಲಿ ಗಿರಾಕಿಗಳನ್ನು ಮಾತಾಡಿಸುತ್ತಾರೆ, ಸಂಬಳ ಪಡೆಯುತ್ತಾರೆ. ಅದು ಕೋಬಾಟ್ ಅಲ್ಲ ನಿಜ. ಆದರೆ ರೋಬೋಟ್ ಬಂದ ಮೇಲೆ ಕೆಲಸದೊಳಕ್ಕೆ ಬಂದವರು ಅವರು.

ಇದು ತಾನಾಗಿ ಆಗುವುದಿಲ್ಲ. ಅದೇ ತೋಳನ್ನು ತಂದು ಇಬ್ಬರನ್ನು ಮನೆಗೆ ಕಳಿಸಲೂಬಹುದು. ಕೋಬಾಟ್‌ಗೆ ಕಲಿಸಲು ಎಲ್ಲ ಸಲವೂ ಕೋಡ್ ಬರೆಯಬೇಕಿಲ್ಲ. ತೋಳನ್ನು ಕೈಯಲ್ಲೇ ಹಿಡಿದು, ಇಲ್ಲಿಂದ ಎತ್ತು, ಅಲ್ಲಿ ಇಡು ಅಂತ ನಡೆಸಿ ತೋರಿಸಿದರೆ ದಾರಿ ನೆನಪಿಟ್ಟುಕೊಳ್ಳುತ್ತದೆ. ಹಾಗಾಗಿ ಐಟಿಐ ಮುಗಿಸಿ ಅದೇ ಯಂತ್ರದ ಮುಂದೆ ನಿಂತಿರುವ ಹುಡುಗಿಯೇ ಅದನ್ನು ನಡೆಸಬಲ್ಲಳು. ಆ ತರಬೇತಿ ಅವಳಿಗೇ ಸಿಗಬೇಕು. ಯಂತ್ರದ ಪರದೆಯ ಮೇಲಿನ ಸೂಚನೆಗಳು ಕನ್ನಡದಲ್ಲಿರಬೇಕು. ತೋಳು ಎಲ್ಲಿ, ಎಷ್ಟು ವೇಗದಲ್ಲಿ ಓಡಾಡಬೇಕು ಅಂತ ತೀರ್ಮಾನಿಸುವಾಗ ಅದರ ಪಕ್ಕ ನಿಲ್ಲುವವರನ್ನೂ ಕೂರಿಸಿಕೊಂಡು ಕೇಳಬೇಕು. ಅವರ ಎತ್ತರ ಎಷ್ಟು, ಬಗ್ಗಿದಾಗ ತಲೆ ಎಲ್ಲಿಗೆ ಬರುತ್ತದೆ ಅನ್ನುವುದು ಅಲ್ಲೇ ತಿಳಿಯುವುದು.