1889: ಭಾರ ಹೊರುವ ಕಮಾನು, ಹೊರದ ಕಮಾನು

1889ರ ಕಟ್ಟಡಗಳ ಹೆಸರು, ಎತ್ತರ ಎಲ್ಲ ಸುಮ್ನೆ ಉರು ಹೊಡೆದರೆ ವಾರದಲ್ಲಿ ಮರೆತುಹೋಗುತ್ತದೆ. ಅದಕ್ಕೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ?

ಐಫೆಲ್ ಗೋಪುರ

ಫ್ರೆಂಚ್ ಕ್ರಾಂತಿಗೆ ನೂರು ವರ್ಷ ತುಂಬಿದ್ದಕ್ಕೆ ಪ್ಯಾರಿಸ್‌ನಲ್ಲಿ ವಿಶ್ವ ಮೇಳ ನಡೆಯಿತು. ಅದಕ್ಕಾಗಿ ಎದ್ದದ್ದು ಈ 300 ಮೀಟರ್ ಗೋಪುರ. ಹೆಸರು ಗುಸ್ಟಾವ್ ಐಫೆಲ್ ಅವರದು. ಆದರೆ 1884ರಲ್ಲಿ ಮೊದಲ ನಕ್ಷೆ ಬರೆದವರು ಅವರ ಕಂಪನಿಯ ಎಂಜಿನಿಯರುಗಳಾದ ಮೋರಿಸ್ ಕೆಕ್ಲಾನ್ ಮತ್ತು ಎಮಿಲ್ ನೂಗಿಯೆ. ಅದಕ್ಕೆ ಅಂದ ಕೊಟ್ಟ ವಾಸ್ತುಶಿಲ್ಪಿ ಸ್ಟೆಫಾನ್ ಸೋವೆಸ್ಟ್ರ್. ಬುಡದಲ್ಲಿ ಕಾಲುಗಳ ನಡುವೆ ಕಾಣುವ ದೊಡ್ಡ ಕಮಾನುಗಳು ಸೋವೆಸ್ಟ್ರ್ ಸೇರಿಸಿದ್ದು. ಅವು ಬರೀ ಅಲಂಕಾರ! ಭಾರ ಇಳಿಯುವುದು ನಾಲ್ಕು ಓರೆ ಕಾಲುಗಳಲ್ಲಿ.

ಯಂತ್ರಗಳ ಗ್ಯಾಲರಿ

ಅದೇ ಮೇಳದ ಇನ್ನೊಂದು ಕಟ್ಟಡ. ವಾಸ್ತುಶಿಲ್ಪಿ ಫರ್ಡಿನಾಂಡ್ ದ್ಯುತೇರ್, ಎಂಜಿನಿಯರ್ ವಿಕ್ಟರ್ ಕೊಂತಮಾನ್. ನಡುವೆ ಒಂದೂ ಕಂಬವಿಲ್ಲದೆ 110 ಮೀಟರಿಗೂ ಜಾಸ್ತಿ ಅಗಲ. ಇಲ್ಲಿ ಎಲ್ಲ ಭಾರವೂ ಕಮಾನಿನದೇ. ವಿಚಿತ್ರ ಅಂದರೆ, ನೆಲ ಮುಟ್ಟುವ ಕಡೆ ಆ ಕಮಾನು ದಪ್ಪವಾಗುವ ಬದಲು ಸಣ್ಣಗಾಗುತ್ತಾ ಹೋಗಿ ಒಂದು ಕೀಲಿನ ಮೇಲೆ ನಿಲ್ಲುತ್ತದೆ. ಎರಡು ಬುಡದಲ್ಲಿ ಎರಡು ಕೀಲು, ನೆತ್ತಿಯಲ್ಲಿ ಇನ್ನೊಂದು. ಇದೇ ಮೂರು ಕೀಲಿನ ಕಮಾನು.

ನೆತ್ತಿಯಲ್ಲಿ ಕೀಲು ಯಾಕೆ? ನೋಡಿದರೆ ಅದೇ ಕಮಾನಿನ ದುರ್ಬಲ ಜಾಗ ಅನ್ನಿಸುತ್ತದೆ, ಅಲ್ವಾ? ಇಲ್ಲಿ ನಿಧಾನಕ್ಕೆ ಹೋಗೋಣ.

ಪ್ರತಿ ಬುಡದಲ್ಲೂ ಎರಡು ಬಲ: ಒಂದು ಮೇಲಕ್ಕೆ, ಒಂದು ಅಡ್ಡಕ್ಕೆ. ಒಟ್ಟು ನಾಲ್ಕು ಕಂಡುಹಿಡಿಯಬೇಕು. ಸಮತೋಲನದ ಸಮೀಕರಣಗಳು ಮೂರೇ: ಮೇಲೆ-ಕೆಳಗಿನ ಬಲ, ಅಡ್ಡ ಬಲ, ತಿರುಗುವಿಕೆ. ಒಂದು ಕಡಿಮೆ ಬಿತ್ತು. ಕೀಲು ಬಾಗಿಲಿನ ತಿರುಗಣಿಯ ಹಾಗೆ ಸಲೀಸಾಗಿ ತಿರುಗುತ್ತದೆ, ತಿರುಗಿಸುವ ಪರಿಣಾಮವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಈ ಪರಿಣಾಮಕ್ಕೆ ಮೊಮೆಂಟ್ ಅನ್ನುತ್ತಾರೆ: ಬಲ × ದೂರ. ಹಾಗಾಗಿ ನೆತ್ತಿಯಲ್ಲಿ ಮೊಮೆಂಟ್ ಸೊನ್ನೆ. ಸಿಕ್ಕಿತಲ್ಲ, ನಾಲ್ಕನೆಯ ಸಮೀಕರಣ!

ಸಣ್ಣ ಲೆಕ್ಕ ಮಾಡೋಣ. ಅಗಲ 20 ಮೀಟರ್, ಎತ್ತರ 5 ಮೀಟರ್, ಅಗಲದ ಉದ್ದಕ್ಕೂ ಮೀಟರಿಗೆ 1 ಟನ್ ಭಾರ. ಒಟ್ಟು 20 ಟನ್, ಬುಡಕ್ಕೆ 10 ಟನ್‌ನಂತೆ ಹಂಚಿಹೋಯಿತು. ಈಗ ಎಡ ಅರ್ಧ ಮಾತ್ರ ತೆಗೆದುಕೊಂಡು, ನೆತ್ತಿಯ ಕೀಲಿನ ಸುತ್ತ ಮೊಮೆಂಟ್ ಬರೆಯಿರಿ. ಬುಡದಿಂದ ಬರುವುದು 10 ಟನ್ × 10 ಮೀಟರ್ = 100. ಈ ಅರ್ಧದ ಭಾರ 10 ಟನ್, ಅದರ ದೂರ 5 ಮೀಟರ್, ಕಳೆದರೆ ಉಳಿದದ್ದು 50. ಇದನ್ನು ಸರಿದೂಗಿಸಬೇಕಾದ್ದು ಅಡ್ಡ ಒತ್ತು × 5. ಅಂದರೆ ಅಡ್ಡ ಒತ್ತು 10 ಟನ್.

ನನ್ನ ಇಷ್ಟದ ಶಾರ್ಟ್‌ಕಟ್: ಮೀಟರಿನ ಭಾರ × ಅಗಲದ ವರ್ಗ ÷ (8 × ಎತ್ತರ). 400 ÷ 40 = 10, ತಾಳೆಯಾಯಿತು. ಎತ್ತರ ಅರ್ಧ ಮಾಡಿದರೆ ಒತ್ತು ಎರಡರಷ್ಟಾಗುತ್ತದೆ. ಚಪ್ಪಟೆ ಕಮಾನು ಬುಡವನ್ನು ಹೊರಕ್ಕೆ ಜೋರಾಗಿ ತಳ್ಳುವುದು ಇದಕ್ಕೇ.

ಇನ್ನೊಂದು ಲಾಭವೂ ಇದೆ. ಬಿಸಿಲಿಗೆ ಲೋಹ ಹಿಗ್ಗಿದರೆ ನೆತ್ತಿ ಒಂಚೂರು ಮೇಲೇಳುತ್ತದೆ, ಕೀಲು ತಿರುಗುತ್ತದೆ, ಅಷ್ಟೇ. ಬುಡ ಸ್ವಲ್ಪ ಕುಸಿದರೂ ಹಾಗೇ. ಇಂಥ ಕಟ್ಟಡವನ್ನು 1910ರಲ್ಲಿ ಕೆಡವಿಬಿಟ್ಟರು, ಅಲಂಕಾರದ ಕಮಾನು ಇನ್ನೂ ನಿಂತಿದೆ.

ಉಳಿದವು

ಟ್ಯೂರಿನ್‌ನ ಮೋಲೆ ಆಂಟೊನೆಲಿಯಾನಾ: ಲೋಹವಲ್ಲ, ಇಟ್ಟಿಗೆ ಕಟ್ಟಡ, 167 ಮೀಟರ್. ವಾಸ್ತುಶಿಲ್ಪಿ ಅಲೆಸ್ಸಾಂಡ್ರೊ ಆಂಟೊನೆಲ್ಲಿ 1888ರಲ್ಲೇ ತೀರಿಕೊಂಡರು, ಕೆಲಸ ಮುಗಿದದ್ದು ಮರುವರ್ಷ.

ಶಿಕಾಗೋದ ಆಡಿಟೋರಿಯಂ: ವಾಸ್ತುಶಿಲ್ಪಿಗಳು ಆಡ್ಲರ್ ಮತ್ತು ಸಲಿವನ್. ಭಾರ ಇಳಿಯುವುದು ದಪ್ಪ ಕಲ್ಲುಗೋಡೆಗಳಲ್ಲಿ, ಕೆಳಗಿರುವುದು ಮೆತ್ತನೆ ಜೇಡಿಮಣ್ಣು. ಕೆಲವು ಕಡೆ ಎರಡು ಅಡಿಗೂ ಜಾಸ್ತಿ ಕುಸಿಯಿತು, ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಗೋಡೆಗೆ ಕೀಲು ಎಲ್ಲಿಂದ ಬರಬೇಕು?

ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆ: 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದರು. ಕಬ್ಬಿಣದ ಭಾಗಗಳು ಬಂದದ್ದು ಗ್ಲಾಸ್ಗೋದ ಸಾರಸನ್ ಫೌಂಡ್ರಿಯಿಂದ. ಆ ವರ್ಷ ಬಿದ್ದದ್ದು ಅಡಿಗಲ್ಲು ಮಾತ್ರ, ಹಾಗಾಗಿ ಪಟ್ಟಿ ಮಾಡುವಾಗ ಇದನ್ನು ‘ಆರಂಭ’ದ ಕಾಲಂಗೆ ಹಾಕಿ.